ಮಹಡಿಯ ಮೇಲಿನ ತೇಗು

ಹೊಟ್ಟೆಕಿಚ್ಚು ಮನುಷ್ಯರ ಮೇಲೆ ಬಂದರೆ ಅದಕ್ಕೊಂದು ಮರ್ಯಾದೆ. ನನಗೆ ಬಂದಿದ್ದು ಸೋಡಾ ಮಾಡುವ ಒಂದು ಯಂತ್ರದ ಮೇಲೆ. ಅದು ಇರುವುದು ಚಿತ್ರದುರ್ಗದ ನಮ್ಮ ಮನೆಯ ಮಹಡಿಯಲ್ಲಿ, ನನ್ನ ಓರಗಿತ್ತಿ ಗಿರಿಜಾಳ ಅಡುಗೆಕಟ್ಟೆಯ ಮೇಲೆ. ಬಾಟಲಿಗೆ ತಣ್ಣೀರು ತುಂಬಿ, ಸಿಕ್ಕಿಸಿ, ಗುಂಡಿ ಒತ್ತಿದರೆ ಹಿಂದಿನ ಪುಟ್ಟ ಸಿಲಿಂಡರಿನಿಂದ ಗ್ಯಾಸ್ ಬುಸ್ಸೆಂದು ನೀರಿಗಿಳಿಯುತ್ತದೆ. ಯೋಚಿಸಿ ನೋಡಿ, ಅದು ನಾವು ಮೂಗಿನಿಂದ ಹೊರಗೆ ಬಿಡುವ ಗಾಳಿಯೇ. ಬಿಟ್ಟಿಯಾಗಿ ಬಿಟ್ಟಿದ್ದನ್ನು ಕಾಸು ಕೊಟ್ಟು ಕುಡಿಯುವ ಜಾಣತನ ಮನುಷ್ಯನಿಗಲ್ಲದೆ ಇನ್ಯಾರಿಗಿದೆ?

ನಮ್ಮ ಮನೆಯ ಗಂಡಸರು ಅಡುಗೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಉಂಡೆದ್ದು ತೇಗುತ್ತಾರೆ, ಅದೇ ಹೊಗಳಿಕೆ. ಮುದ್ದೆ, ಸೊಪ್ಪಿನ ಸಾರು, ಕೊನೆಗೊಂದು ಲೋಟ ನನ್ನ ಇಂಗಿನ ಒಗ್ಗರಣೆಯ ಮಜ್ಜಿಗೆ. ಆಮೇಲೆ ಯಜಮಾನರು ಹೊಡೆಯುತ್ತಿದ್ದ ತೇಗಿಗೆ ನಾನು ಪಾತ್ರೆ ಬೆಳಗುತ್ತಲೇ ಒಳಗೊಳಗೆ ಬೀಗುತ್ತಿದ್ದೆ. ಈಗ ಕೈ ತೊಳೆದವರೇ, "ಯಾಕೋ ಹೊಟ್ಟೆ ಭಾರ ಐತೆ ಕಣೇ, ಮ್ಯಾಲೆ ಹೋಗಿ ಒಂದ್ಲೋಟ ಸೋಡಾ ಕುಡ್ಕಂಡ್ ಬರ್ತೀನಿ" ಎಂದು ಮೆಟ್ಟಿಲು ಹತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಮಹಡಿಯಿಂದ ತೇಗು ಕೇಳಿಸುತ್ತದೆ. ಉಂಡಿದ್ದು ನನ್ನ ಅಡುಗೆ, ತೇಗಿದ್ದು ಅವಳ ಮನೆಯಲ್ಲಿ! ಹೊಟ್ಟೆ ಉರಿಯದೆ ಇರುತ್ತದೆಯೇ?

ಮೊನ್ನೆ ಗಿರಿಜಾ ಗಂಡನ ಜೊತೆ ಹೊರಕೆರೆದೇವಪುರಕ್ಕೆ ದೇವರ ದರ್ಶನಕ್ಕೆ ಹೊರಟಳು. ಬೀಗದಕೈ ಕೊಡುತ್ತಾ, "ಅಕ್ಕಾ, ಭಾವಂಗೆ ಸೋಡಾ ಮಾಡ್ಕೊಡ್ರಿ. ಆದ್ರೆ ಬರೇ ನೀರು ಹಾಕ್ರಿ, ಬ್ಯಾರೆ ಏನೂ ಹಾಕಿ ಒತ್ಬ್ಯಾಡ್ರಿ" ಎಂದಳು.

ನಾನು ಬಹಳ ಯೋಚಿಸಿದೆ. ನನ್ನ ಮಜ್ಜಿಗೆಗೇ ಗ್ಯಾಸ್ ತುಂಬಿದರೆ ಯಜಮಾನರು ಮಹಡಿ ಹತ್ತುವುದೇಕೆ? ನೀರು ಮಾತ್ರ ಹಾಕಬೇಕು, ಸರಿ. ನಾನು ಮಾಡುವುದೂ ನೀರುಮಜ್ಜಿಗೆಯೇ, ಹೆಸರಿನಲ್ಲೇ ನೀರಿದೆಯಲ್ಲ! ಯಜಮಾನರು ಹಿರಿಯೂರಿಗೆ ಹೋದ ಹೊತ್ತು ನೋಡಿ, ಒಗ್ಗರಣೆ, ಕೊತ್ತಂಬರಿ ಸಮೇತ ಬಾಟಲಿಗೆ ಸುರಿದು ಗುಂಡಿ ಒತ್ತಿದೆ.

ಅಯ್ಯೋ ಶಿವನೇ! ಮಜ್ಜಿಗೆ ನೊರೆಯುಕ್ಕಿ ಗೋಡೆಗೆ, ಸೂರಿಗೆ, ನನ್ನ ಕನ್ನಡಕಕ್ಕೆ ಹಾರಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಸ್ಟೂಲು ಹತ್ತಿ ಎಲ್ಲ ಒರೆಸಿದೆ. ಗ್ಯಾಸ್ ಬರುವ ಕೊಳವೆಯ ಬಾಯಿಗೆ ಸಿಕ್ಕಿದ್ದ ಕೊತ್ತಂಬರಿ ಸೊಪ್ಪನ್ನು ಸೂಜಿಯಿಂದ ಕಿತ್ತು, ಉಗುರುಬೆಚ್ಚಗಿನ ನೀರಿಗೆ ನಿಂಬೆಹುಳಿ ಹಿಂಡಿ ತೊಳೆದೆ. ಎಲ್ಲ ಹೋಯಿತು, ಇಂಗಿನ ವಾಸನೆ ಹೋಗಲಿಲ್ಲ. ಇಂಗು ತಿಂದ ಮಂಗನ ಹಾಗೆ ಕುಳಿತೆ.

ಗಿರಿಜಾ ವಾಪಸು ಬಂದ ಸಂಜೆ ಎಲ್ಲರಿಗೂ ಸೋಡಾ ಮಾಡಿಕೊಟ್ಟಳು. ನಾನು ಲೋಟ ಹಿಡಿದು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಯಜಮಾನರು ಒಂದೇ ಉಸಿರಿಗೆ ಕುಡಿದು, ಮನೆ ಅದುರುವಂತೆ ತೇಗಿ, "ಏನಮ್ಮ ಗಿರಿಜಾ, ಇವತ್ತಿನ ಸೋಡಾ ಬಾಳ ರುಚಿಯಾಗೈತೆ! ಏನ್ ಹಾಕ್ದೆ?" ಎಂದರು. ನನ್ನ ಇಂಗಿಗೆ ಸಿಕ್ಕ ಹೊಗಳಿಕೆ ನನ್ನ ಕಣ್ಣೆದುರೇ ಅವಳ ಪಾಲಾಗುತ್ತಿತ್ತು. ನಂದು ಎಂದು ಬಾಯಿಬಿಟ್ಟರೆ ಕಳ್ಳತನ ಬಯಲಾಗುತ್ತದೆ.

ಗಿರಿಜಾ ತನ್ನ ಲೋಟವನ್ನು ಮೂಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎಲ್ಲ ಗೊತ್ತಾಗಿಹೋಯಿತು ಅವಳಿಗೆ.

"ನಾನೇನೂ ಹಾಕಿಲ್ಲ ಭಾವ. ಮಷೀನು ಅಕ್ಕನ ಕೈಯಾಗಿತ್ತಲ್ಲ, ಅದು ಅಕ್ಕನ ಕೈಗುಣ" ಎಂದು ನಕ್ಕಳು.

ಯಂತ್ರದ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು. ಈಗ ಅವಳ ದೊಡ್ಡ ಮನಸ್ಸಿನ ಮೇಲೆ ಹೊತ್ತಿಕೊಂಡಿದೆ.