ಗಿಕೊಂಬಾದಲ್ಲಿ ಸಿಕ್ಕ ಮಂಜುಬೈಕಿನ ಜಾಕೆಟ್

ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸೂಟ್‌ಕೇಸಿನ ತುಂಬ ಹತ್ತಿಯ ಚೂಡಿದಾರ್ ತಂದವಳು ನಾನು. ಕೆಲಸದ ನಾಲ್ಕನೇ ದಿನವೇ ಬೆರಳುಗಳು ಮರಗಟ್ಟಿ, ಹಿಡಿದಿದ್ದ ಗುಲಾಬಿ ಕಟ್ಟು ಕೆಳಗೆ ಬಿದ್ದದ್ದು ಕೂಡ ನನಗೆ ತಿಳಿಯಲಿಲ್ಲ.

ಅದು 2006ರ ಜನವರಿ. ಬೆಂಗಳೂರಿನಲ್ಲಿ ತೋಟಗಾರಿಕೆ ಓದಿದ್ದ ನನಗೆ ನೈರೋಬಿಯ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕದ ಹೂ ರಫ್ತು ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ. ಯುರೋಪಿಗೆ ಹೋಗುವ ಗುಲಾಬಿಗಳನ್ನು ಕೋಲ್ಡ್ ರೂಮಿನಲ್ಲಿ ಇಡುತ್ತಾರೆ. ಒಳಗೆ ನೀರು ಹೆಪ್ಪುಗಟ್ಟುವುದಕ್ಕೆ ಎರಡು ಡಿಗ್ರಿ ಬಾಕಿ, ಅಷ್ಟೇ. ಅಲ್ಲಿ ಒಂದು ಗಂಟೆ ಪೆಟ್ಟಿಗೆ ಬಿಚ್ಚಿ ನೋಡಬೇಕು, ಆಮೇಲೆ ಹೊರಗೆ ಲಾರಿಗಳ ಹತ್ತಿರ ಸುಡುಬಿಸಿಲಲ್ಲಿ ನಿಲ್ಲಬೇಕು. ಊರಲ್ಲಿ ಚಳಿಗಾಲ ವರ್ಷಕ್ಕೊಮ್ಮೆ ಬರುತ್ತಿತ್ತು, ಇಲ್ಲಿ ದಿನಕ್ಕೆ ನಾಲ್ಕು ಸಲ.

ಮ್ಯಾನೇಜರ್ ಮೋಹನ್ ಸರ್ ಮೈಸೂರಿನವರು. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಆ ಧೈರ್ಯದ ಮೇಲೆ ಹೋಗಿ ಜಾಕೆಟ್ ಕೇಳಿದೆ.

"ಆಫ್ರಿಕಾಕ್ಕೆ ಬಂದು ಜಾಕೆಟ್ ಕೇಳ್ತೀಯಲ್ಲಮ್ಮ. ಸ್ವೆಟರ್ ಇಲ್ವಾ? ಅಡ್ಜಸ್ಟ್ ಮಾಡ್ಕೊ," ಎಂದರು. ಅವರ ಬೆನ್ನ ಹಿಂದಿನ ಗಾಜಿನ ಬೀರುವಿನಲ್ಲಿ ನಾಲ್ಕು ಹೊಸ ಜಾಕೆಟ್‌ಗಳಿದ್ದವು. ಅವು ವಿದೇಶಿ ಅತಿಥಿಗಳಿಗಂತೆ.

ದೊಡ್ಡ ಅಂಗಡಿಯಲ್ಲಿ ನಾನೇ ಒಂದು ದಪ್ಪ ಕೋಟು ಕೊಂಡೆ. ಅದು ಇನ್ನೂ ಕೆಟ್ಟದಾಯಿತು. ಹೊರಗೆ ಬಂದರೆ ಅದರೊಳಗೆ ಬೆವರು ಇಳಿಯುತ್ತಿತ್ತು. ಮತ್ತೆ ಒಳಗೆ ಹೋದಾಗ ಆ ಬೆವರೇ ಬೆನ್ನ ಮೇಲೆ ಒದ್ದೆ ಬಟ್ಟೆಯಂತೆ ಕೊರೆಯುತ್ತಿತ್ತು. ತಿಂಗಳು ತುಂಬುವಷ್ಟರಲ್ಲಿ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದೆ. ಗೊತ್ತಿಲ್ಲದ ಊರಿನಲ್ಲಿ ಹತ್ತು ದಿನ ಮಲಗಿದ್ದೆ. ಜೊತೆಗೆ ಕೆಲಸ ಮಾಡುವ ವಾಂಬುಯಿ ದಿನಾ ಗಂಜಿ ತಂದಳು. ಮೋಹನ್ ಸರ್ ಒಂದು ಫೋನು ಕೂಡ ಮಾಡಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅವರೇ ಕರೆದು ಹೇಳಿದರು: "ನೋಡಮ್ಮ ಭಾರತಿ, ನಿನಗೆ ಈ ಕೆಲಸ ಆಗಲ್ಲ ಅಂತ ಓನರ್‌ಗೆ ಬರೆದಿದ್ದೀನಿ. ಎರಡು ತಿಂಗಳು ನೋಡಿ ವಾಪಸ್ ಕಳಿಸ್ತಾರೆ."

ಈ ಮನುಷ್ಯನನ್ನು ಅದೇ ಕೋಣೆಯಲ್ಲಿ ನಿಲ್ಲಿಸಿ ನಡುಗಿಸದೆ ಊರಿಗೆ ಹೋಗುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ಅದಕ್ಕೆ ಮೊದಲು ನಾನು ನಡುಗದಂತಾಗಬೇಕಿತ್ತು.

ಶನಿವಾರ ವಾಂಬುಯಿ ನನ್ನನ್ನು ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿಸಿ ಗಿಕೊಂಬಾಕ್ಕೆ ಕರೆದೊಯ್ದಳು. ಹೊರದೇಶದವರು ಉಟ್ಟುಬಿಟ್ಟ ಬಟ್ಟೆಗಳನ್ನು, ಇಲ್ಲಿಯವರ ಮಾತಿನಲ್ಲಿ ಮಿಟುಂಬಾವನ್ನು, ರಾಶಿ ಹಾಕಿ ಮಾರುವ ಸಂತೆ ಅದು. ನಾನು ದಪ್ಪವಿದ್ದದ್ದನ್ನೆಲ್ಲ ಎತ್ತಿಕೊಳ್ಳುತ್ತಿದ್ದೆ. ಮಾರುವಾತ ಕಿತ್ತುಕೊಂಡು ಪಕ್ಕಕ್ಕೆಸೆದ. "ದಪ್ಪ ನೋಡಬೇಡ, ಗಾಳಿ ನೋಡು," ಎಂದ. ಕಪ್ಪು-ಕಿತ್ತಳೆ ಬಣ್ಣದ ಒಂದನ್ನು ಎಳೆದು, ಬಟ್ಟೆಗೆ ಬಾಯಿಟ್ಟು ಊದಿ ತೋರಿಸಿದ, ಉಸಿರು ದಾಟಲಿಲ್ಲ. ಕಂಕುಳಲ್ಲಿ ಉದ್ದನೆಯ ಜಿಪ್ ಇತ್ತು, ಎಳೆದರೆ ಒಳಗಿನ ಸೆಕೆ ಹೊರಗೆ ಹೋಗುತ್ತಿತ್ತು. ಬೆನ್ನಿನ ಭಾಗ ಸೊಂಟದಿಂದ ಕೆಳಗಿಳಿದಿತ್ತು.

"ಇದು ಮಂಜಿನ ಮೇಲೆ ಓಡುವ ಪಿಕಿಪಿಕಿಯವರದು," ಎಂದ. ಪಿಕಿಪಿಕಿ ಎಂದರೆ ಮೋಟಾರ್ ಬೈಕು; ಅವನು ಹೇಳಿದ್ದು ಹಿಮದ ಮೇಲೆ ಜಾರಿ ಓಡುವ ಸ್ನೋಮೊಬೈಲ್. ಓಡಿಸುವಾಗ ಆ ಸವಾರರು ಚಳಿಯಲ್ಲಿ ಸೆಟೆಯುತ್ತಾರಂತೆ, ಗಾಡಿ ಹೂತುಕೊಂಡರೆ ತಳ್ಳಿ ತಳ್ಳಿ ಬೆವರುತ್ತಾರಂತೆ. ನನ್ನದೂ ಅದೇ ಪಾಡು. ತೋಳು ಎರಡು ಬೆರಳು ಉದ್ದವಿದ್ದರೂ ಕೊಂಡೆ.

ಏಪ್ರಿಲ್‌ನಲ್ಲಿ ಹಾಲೆಂಡಿನಿಂದ ನಾಲ್ವರು ಖರೀದಿದಾರರು ಬಂದರು. ಬೀರುವಿನ ನಾಲ್ಕೂ ಜಾಕೆಟ್ ಅವರ ಮೈಮೇಲೆ. ಅರ್ಧ ತೋಳಿನ ಅಂಗಿಯಲ್ಲಿದ್ದ ಮೋಹನ್ ಸರ್ ಕೋಲ್ಡ್ ರೂಮಿನ ಬಾಗಿಲಲ್ಲಿ ಮೆಲ್ಲಗೆ, "ಭಾರತಿ, ನಿನ್ನ ಜಾಕೆಟ್ ಸ್ವಲ್ಪ ಕೊಡಮ್ಮ," ಎಂದರು.

"ಇದು ನನ್ನ ಸ್ವಂತದ್ದು ಸರ್. ಅಡ್ಜಸ್ಟ್ ಮಾಡ್ಕೊಳ್ಳಿ."

ಸಾಮಾನ್ಯವಾಗಿ ಮೂರು ಪೆಟ್ಟಿಗೆ ಬಿಚ್ಚಿ ತೋರಿಸಿದರೆ ಸಾಕು. ನಾನು ಕಂಕುಳ ಜಿಪ್ ಮುಚ್ಚಿಕೊಂಡು ಹನ್ನೊಂದು ಬಿಚ್ಚಿದೆ. ದಳ, ಕಾಂಡ, ಮುಳ್ಳು ಎಲ್ಲವನ್ನೂ ನಿಧಾನವಾಗಿ ವಿವರಿಸಿದೆ. ಅತಿಥಿಗಳನ್ನು ಬಿಟ್ಟು ಮೋಹನ್ ಸರ್ ಹೊರಗೆ ಹೋಗುವಂತಿರಲಿಲ್ಲ. ತುಟಿ ನೀಲಿಗಟ್ಟಿತು, ಹಲ್ಲು ಕಟಕಟಿಸತೊಡಗಿತು. ಬಂದವರಲ್ಲಿ ಹಿರಿಯ ಹೆಂಗಸು, ನಿಮಗೆ ಜಾಕೆಟ್ ಇಲ್ಲವೇ ಎಂದು ಅವರನ್ನು ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ, ನನಗೆ ಪೆಟ್ಟಿಗೆ ಎತ್ತಿಕೊಡುತ್ತಿದ್ದ ವಾಂಬುಯಿ ಹೇಳಿದಳು: "ಇಲ್ಲಿ ಕೆಲಸದವರಿಗೆ ಜಾಕೆಟ್ ಕೊಡುವುದಿಲ್ಲ, ಮೇಡಂ. ಇವಳು ತಾನೇ ಕೊಂಡಳು. ನನಗೆ ಇಲ್ಲ."

ಆಕೆ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಹನ್ನೆರಡನೇ ಪೆಟ್ಟಿಗೆ ಬಿಚ್ಚಿದೆ.

ಮುಂದಿನ ತಿಂಗಳು ಎಲ್ಲರಿಗೂ ಜಾಕೆಟ್ ಬಂತು. ನನ್ನನ್ನು ವಾಪಸ್ ಕಳಿಸುವ ಮಾತು ಮತ್ತೆ ಏಳಲಿಲ್ಲ. ಅತಿಥಿಗಳು ಬಂದುಹೋದ ಮರುದಿನದಿಂದ ಮೋಹನ್ ಸರ್ ಒಂದು ವಾರ ಜ್ವರದಲ್ಲಿ ಮಲಗಿದ್ದರು. ನಾನೂ ಫೋನು ಮಾಡಲಿಲ್ಲ. ಆ ವಾರ ಚೆನ್ನಾಗಿ ನಿದ್ದೆ ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಇದೆಲ್ಲ ಆಗಿ ಮೂರು ವರ್ಷವಾಯಿತು. ಭಾನುವಾರ ಕಸರಾನಿಯಲ್ಲಿ ವಾಂಬುಯಿಯ ಮನೆಯಲ್ಲಿ ಉಣ್ಣುತ್ತೇನೆ. ಅವಳ ತಾಯಿ ನನ್ನನ್ನು ಮಗಳೆನ್ನುತ್ತಾಳೆ, ನನ್ನ ಮುರುಕು ಸ್ವಾಹಿಲಿಗೆ ನಗುತ್ತಾಳೆ. ಮೋಹನ್ ಸರ್ ಮಾತ್ರ ಅಂದಿನಿಂದ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಅವರನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೂ ಮಧ್ಯಾಹ್ನ ಅವರು ಹೆಂಡತಿಗೆ ಫೋನು ಮಾಡಿ, "ಏನ್ ಸಾರು ಮಾಡಿದ್ದೀಯೇ ಇವತ್ತು?" ಎಂದು ಕೇಳುವ ಹೊತ್ತಿಗೆ, ಕೈಯಲ್ಲಿ ಯಾವುದಾದರೊಂದು ಫೈಲು ಹಿಡಿದು ಅವರ ಬಾಗಿಲ ಹೊರಗೆ ನಿಂತಿರುತ್ತೇನೆ. ಮಾತು ಮುಗಿಯುವವರೆಗೂ ಒಳಗೆ ಹೋಗುವುದಿಲ್ಲ.