ಬಸ್ಸಿನ ಕಿಟಕಿಗೆ ಕಾಣುವ ಅಕ್ಷರ

ಪೂವಮ್ಮನವರ ವಿಷಯ ಬರೆಯಲು ಹೆಚ್ಚು ಓದಿಕೊಂಡವರು, ಅವರನ್ನು ಹೆಚ್ಚು ಕಾಲದಿಂದ ಬಲ್ಲವರು ನೆಲ್ಯಹುದಿಕೇರಿಯಲ್ಲೇ ಇದ್ದಾರೆ. ಅವರು ಯಾರೂ ಬರೆಯಲಿಲ್ಲ. ಆದ್ದರಿಂದ ಕೇಳಿ ತಿಳಿದಷ್ಟನ್ನು ಇಲ್ಲಿ ಹೇಳುವ ಧೈರ್ಯ ಮಾಡಲಾಗಿದೆ. ಹೆಚ್ಚುಕಡಿಮೆ ಆಗಿದ್ದರೆ ಓದುಗರು ಮನ್ನಿಸಬೇಕು. ಓದುಗರಿಗಿಂತ ಮೊದಲು ಪೂವಮ್ಮನವರು ಮನ್ನಿಸಬೇಕು.

ಬೆಳಗಿನ ಮೊದಲ ಬಸ್ಸು ಬರಲು ಇನ್ನೂ ಹೊತ್ತಿದೆ. ಹೊಳೆಯ ಕಡೆಯಿಂದ ಎದ್ದ ಮಂಜು ರಸ್ತೆಯನ್ನು ಮುಚ್ಚಿದೆ. ಬಸ್ಸು ನಿಲ್ಲುವ ಜಾಗದ ಎದುರಿಗಿರುವ ಪಂಚಾಯಿತಿ ವಾಚನಾಲಯದ ಜಗಲಿಯಲ್ಲಿ ಪೂವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಅದ್ದಿ ಹಿಂಡುತ್ತಾರೆ. ಹೊರಗೋಡೆಗೆ ಹೊಡೆದ ದೊಡ್ಡ ಕರಿಹಲಗೆಯ ಮುಂದೆ ನಿಂತು ಅದರ ಮೇಲಿರುವುದನ್ನೆಲ್ಲ ಒಂದು ಸಲ ತುಟಿ ಅಲ್ಲಾಡಿಸುತ್ತ ಓದುತ್ತಾರೆ. ಆಮೇಲೆ ಒರೆಸಲು ತೊಡಗುತ್ತಾರೆ.

“ನಿನ್ನೆಯ ಜಗಳ ಇವತ್ತಿನವರಿಗೆ ಎಂತಕ್ಕೆ?” ಎನ್ನುತ್ತಾರೆ. “ಬೇಕಾದ್ರೆ ಹೊಸತು ಆಡಿಕೊಳ್ಳಲಿ.”

ಹಲಗೆಯ ಮೇಲ್ತುದಿಯ ಒಂದು ಬರಹಕ್ಕೆ ಮಾತ್ರ ಬಟ್ಟೆ ತಾಗುವುದಿಲ್ಲ. ಸ್ಟೂಲು ಹತ್ತಿ, ಮಂಜಿಗೆ ಮಸುಕಾದ ಅಕ್ಷರಗಳ ಮೇಲೆ ಸೀಮೆಸುಣ್ಣದಿಂದ ಮತ್ತೆ ತಿದ್ದುತ್ತಾರೆ: “ಬೆಲ್ಲ ಹಾಕಿ ಹುರಿದ ಕಾಫಿ ಪುಡಿಯೂ ನೀರಿಗೆ ಬಣ್ಣ ಬಿಡುತ್ತದೆ. ಕುಟ್ಟಪ್ಪನವರನ್ನು ಸರಿಯಾಗಿ ಕೇಳದೆ ಬರೆದದ್ದು ತಪ್ಪು. ಪೂವಮ್ಮ.”

ಯಾರ ಹೆಸರನ್ನೂ ಬರೆಯಬಾರದೆಂದು ನಿಯಮವಿದ್ದ ಹಲಗೆ ಅದು. ಈ ಬರಹದಲ್ಲಿ ಎರಡು ಹೆಸರುಗಳಿವೆ.

ಪೂವಮ್ಮನವರದು ಅರೆಭಾಷೆ ಮಾತಾಡುವ ಗೌಡರ ಮನೆ. ನಾಲ್ಕನೇ ಕ್ಲಾಸಿನ ತನಕ ಓದಿದ್ದಾರೆ. ಗಂಡ ತೀರಿಕೊಂಡ ಮೇಲೆ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಕಾಲದಲ್ಲಿ ತೆರೆದ ಈ ವಾಚನಾಲಯದಲ್ಲಿ ಕೆಲಸಕ್ಕೆ ಸೇರಿದರು. ಗುಡಿಸುವುದು, ನೀರು ತರುವುದು, ಬಸ್ಸಿನಲ್ಲಿ ಬಂದ ಪತ್ರಿಕೆಗಳನ್ನು ಕಡ್ಡಿಗೆ ಸಿಕ್ಕಿಸುವುದು, ವರ್ಷಕ್ಕೊಮ್ಮೆ ಇದ್ದಿಲಿನ ಜೊತೆ ಸೊಪ್ಪು ಅರೆದು ಹಲಗೆಗೆ ಹಚ್ಚುವುದು, ಇಷ್ಟೇ ಅವರಿಗೆ ಹೇಳಿದ ಕೆಲಸ. ಸಂಬಳ ತಡವಾಗಿ ಬರುತ್ತದೆ. ಅದರ ಮಾತೆತ್ತಿದರೆ, “ಬರ್ತದೆ ಬಿಡಿ” ಎಂದು ಕಸಬರಿಕೆ ಹುಡುಕುತ್ತಾರೆ.

ಹಲಗೆಯನ್ನು ತಂದವರು ಶಾಲೆಯ ಮರುಳಸಿದ್ದಪ್ಪ ಮೇಷ್ಟ್ರು. ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಪತ್ರಿಕೆಯ ದೊಡ್ಡ ಸುದ್ದಿಯನ್ನು ನಾಲ್ಕು ಜನ ಓದಲೆಂದು ಅವರು ಹಲಗೆಯ ಮೇಲೆ ಬರೆದರೆ, ಸಂಜೆಯೊಳಗೆ ಅದರ ಕೆಳಗೆ ಯಾರೋ ಒಂದು ಪ್ರಶ್ನೆ ಬರೆದಿದ್ದರು. ಮರುದಿನ ಅದಕ್ಕೆ ಉತ್ತರ, ಉತ್ತರದ ಕೆಳಗೆ ಮೂದಲಿಕೆ. ಮೇಷ್ಟ್ರಿಗೆ ಖುಷಿಯಾಯಿತು. ಎರಡೇ ನಿಯಮ ಮಾಡಿದರು: ಬೈಗುಳ ಕೂಡದು, ಹೆಸರು ಕೂಡದು. ಹೆಸರಿಲ್ಲದಿದ್ದರೆ ಎಸ್ಟೇಟಿನ ಧಣಿಯ ಮಾತೂ ಕೂಲಿಗಳ ಸಾಲುಮನೆಯಾದ ಲೈನಿನಲ್ಲಿರುವವನ ಮಾತೂ ಒಂದೇ ತೂಕಕ್ಕೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ನಿಯಮ ಕಾಯುವ ಕೆಲಸ ಪೂವಮ್ಮನವರಿಗೆ ಬಂತು.

ಆ ಹಲಗೆಯ ಮೇಲೆ ಏನೆಲ್ಲ ಬಂದು ಹೋಗಿದೆ! ಚಿಲ್ಲರೆ ಇಲ್ಲವೆಂದು ಕಂಡಕ್ಟರು ನಯಾಪೈಸೆ ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆಯೇ? ಡಿ.ಡಿ.ಟಿ. ಹೊಡೆದ ಮನೆಯ ಬೆಕ್ಕು ಸತ್ತರೆ ಯಾರನ್ನು ಕೇಳಬೇಕು? ಸೇರು ಹೋಗಿ ಕಿಲೋ ಬಂದದ್ದರಿಂದ ಲಾಭ ಕೊಳ್ಳುವವನಿಗೋ ಮಾರುವವನಿಗೋ? ರಷ್ಯಾದವರು ಆಕಾಶಕ್ಕೆ ಹಾರಿಸಿದ್ದು ಬೀಳದೆ ನಿಂತದ್ದು ಹೇಗೆ ಎಂದು ಒಬ್ಬರು ಕೇಳಿದ್ದರು. “ಈ ರಸ್ತೆಯಲ್ಲಿ ನಮ್ಮ ಬಸ್ಸು ಬೀಳದೆ ಓಡುತ್ತಿಲ್ಲವೇ, ಅದೇನು ಮಹಾ!” ಎಂದು ಕೆಳಗೆ ಉತ್ತರ ಬಿತ್ತು. ಡ್ರೈವರು ಓದಿ ಸಿಟ್ಟಾದದ್ದನ್ನು ನೆನೆದು ಪೂವಮ್ಮ ಈಗಲೂ ನಗುತ್ತಾರೆ.

ಬರೆಯಲು ಬಾರದವರು ಅವರ ಹತ್ತಿರ ಬರುತ್ತಿದ್ದರು. ಲೈನಿನವರು ತಮಿಳಿನಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಹೇಳಿದ್ದನ್ನು ಅವರು ತಮಗೆ ತಿಳಿದ ಹಾಗೆ ಕನ್ನಡ ಮಾಡಿ ಬರೆಯುತ್ತಿದ್ದರು. ಭಾನುವಾರ ಜಗಲಿ ತುಂಬಿದರೆ ನಾಲ್ಕಾರು ಮಂದಿ ಒಟ್ಟಿಗೇ ಹೇಳುವವರು, ಬರೆಯುವ ಕೈ ಒಂದೇ. “ನಂದು ಅಂತ ಒಂದು ಮಾತನ್ನೂ ಬರೆದವಳಲ್ಲ. ಬರೆಯುವ ಗಡಿಬಿಡಿಯಲ್ಲಿ ನಂಗೂ ಹೇಳ್ಲಿಕ್ಕೆ ಎಂತದೋ ಉಂಟು ಅಂತ ತೋರಲೇ ಇಲ್ಲೆ,” ಎನ್ನುವಾಗ ಅವರ ನಗು ನಿಂತುಹೋಗುತ್ತದೆ.

ಕಾಫಿ ಪುಡಿಯ ವಿಷಯ ಹಲಗೆಗೆ ಬಂದದ್ದು ಎರಡು ವರ್ಷದ ಹಿಂದೆ. ಚಿಕೋರಿ ಬೇರಿನ ಪುಡಿ ಬೆರೆಸಿದ ಕಾಫಿಯನ್ನು ಮಾರುವವರು ಹಾಗೆಂದು ತಿಳಿಸಲೇಬೇಕು ಎಂಬ ಕಾನೂನಿನ ಸುದ್ದಿ ಪತ್ರಿಕೆಯಲ್ಲಿತ್ತು. ಜೊತೆಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇತ್ತು. ಗಾಜಿನ ಲೋಟದ ತಣ್ಣೀರಿನ ಮೇಲೆ ಪುಡಿ ಉದುರಿಸಬೇಕು. ಶುದ್ಧ ಕಾಫಿಯಾದರೆ ತೇಲುತ್ತದೆ. ಚಿಕೋರಿಯಾದರೆ ಕಂದು ಬಣ್ಣದ ಎಳೆ ಬಿಡುತ್ತ ತಳಕ್ಕೆ ಇಳಿಯುತ್ತದೆ. ಬಿಸಿಲು ಮಳೆಯೆನ್ನದೆ ಕಾಫಿ ಹಣ್ಣು ಕುಯ್ಯುವ ಊರಿನಲ್ಲಿ ಬೇರಿನ ಪುಡಿ ಕುಡಿಸುವುದೇ ಎಂದು ಹಲಗೆ ಕಾವೇರಿತು. ಭಾನುವಾರ ಮೇಷ್ಟ್ರು ಎಲ್ಲರೆದುರು ಜಗಲಿಯ ಮೇಲೆ ಲೋಟ ಇಟ್ಟರು. ಯಾರೋ ಪುಡಿಯ ಪೊಟ್ಟಣ ತಂದರು. ಪುಡಿ ಉದುರಿಸಿದೊಡನೆ ಕಂದು ಎಳೆಗಳು ನೀರಿಗಿಳಿದವು.

ಆ ಪೊಟ್ಟಣ ಕುಟ್ಟಪ್ಪನವರ ಅಂಗಡಿಯದು.

ಹೆಸರು ಬರೆಯಲಿಲ್ಲ. ನಿಯಮ ಮುರಿಯಲಿಲ್ಲ. “ಬಸ್ಸು ನಿಲ್ಲುವಲ್ಲಿ ಸಿಗುವ ಪುಡಿಯಲ್ಲಿ ಚಿಕೋರಿ ಇದೆ, ಕಣ್ಣಾರೆ ಕಂಡಿದ್ದೇವೆ” ಎಂದು ಒಬ್ಬರು ಹೇಳಿದರು, ಪೂವಮ್ಮ ಬರೆದರು. ಬಸ್ಸು ನಿಲ್ಲುವಲ್ಲಿ ಇದ್ದದ್ದು ಒಂದೇ ಪುಡಿಯ ಅಂಗಡಿ.

ಮರುದಿನ ಕುಟ್ಟಪ್ಪ ಜಗಲಿಗೆ ಬಂದರು. ಅಂದಿನ ಮಾತುಗಳನ್ನು ಪೂವಮ್ಮ ಮರೆತಿಲ್ಲ.

“ಪೂವಕ್ಕ, ಇದು ನಿಮ್ಮ ಅಕ್ಷರ ಅಲ್ವಾ?”

“ಅಕ್ಷರ ನಂದು. ಮಾತು ನಂದಲ್ಲ.”

“ಮತ್ತೆ ಯಾರದ್ದು?”

“ಹೆಸರು ಹೇಳುವ ಹಾಗಿಲ್ಲೆ.”

“ಒಳ್ಳೆ ಕಾನೂನು! ಹೊಡೆದವನ ಹೆಸರು ಹೇಳುವ ಹಾಗಿಲ್ಲ. ಪೆಟ್ಟು ತಿಂದವನ ಅಂಗಡಿ ಮಾತ್ರ ಊರಿಗೆಲ್ಲ ಗೊತ್ತಾಗ್ಬೇಕು.”

ಮೇಷ್ಟ್ರು ನಡುವೆ ಬಂದು, “ಕೋಪ ಯಾಕೆ ಕುಟ್ಟಪ್ಪನವರೇ, ನೀವೂ ಕೆಳಗೆ ಉತ್ತರ ಬರೆಯಿರಿ. ಚಿಕೋರಿ ಹಾಕ್ತೀರೋ ಇಲ್ಲವೋ?” ಎಂದರು.

“ನಾನು ಎಂತ ಹಾಕ್ತೇನೆ ಅಂತ ನನ್ನ ಒಲೆಗೆ ಗೊತ್ತು. ನಂಗೆ ಬಾಯಿ ಇದೆ ಮೇಷ್ಟ್ರೇ, ಹಲಗೆ ಬೇಡ. ಹೆಸರಿದ್ದವ ಅಂಗಡಿಗೆ ಬಂದು ಕೇಳಲಿ, ಕಾಫಿ ಕುಡಿಸಿಯೇ ಉತ್ತರ ಕೊಡ್ತೇನೆ.”

“ಯಾವ ಕಾಫಿ? ಅದೇ ಪುಡಿದಾ?” ಎಂದು ಹಿಂದಿನಿಂದ ಒಬ್ಬ ಕೂಗಿದ. ಜಗಲಿ ಗೊಳ್ಳೆಂದಿತು. “ನಾನೂ ನಕ್ಕೆ,” ಎನ್ನುತ್ತಾರೆ ಪೂವಮ್ಮ.

ಕೇಳಲು ಯಾರೂ ಅಂಗಡಿಗೆ ಹೋಗಲಿಲ್ಲ. ಪೂವಮ್ಮ ಬೆಳಿಗ್ಗೆ ಒರೆಸಿದ್ದನ್ನು ಸಂಜೆಯೊಳಗೆ ಬೇರೆ ಬೇರೆ ಕೈಗಳು ಮತ್ತೆ ಬರೆಯುತ್ತಿದ್ದವು. ಬಳಪ ಹಿಡಿಯಲು ಹಿಂಜರಿಯುತ್ತಿದ್ದವರೂ ಬರೆದರು. ಹೋಟೆಲಿನವರು ಪುಡಿ ತರಿಸುವುದನ್ನು ಬಿಟ್ಟರು, ಅದನ್ನು ನೋಡಿ ಮನೆಗಳವರೂ ಬಿಟ್ಟರು. ಆ ಮಳೆಗಾಲ ಮುಗಿಯುವುದರೊಳಗೆ ಕುಟ್ಟಪ್ಪ ಕಾಫಿ ಬೀಜ ಹುರಿಯುವ ಡ್ರಮ್ಮನ್ನು ಲಾರಿಗೆ ಹಾಕಿಕೊಂಡು ಊರು ಬಿಟ್ಟರು. ಹೋಗುವಾಗ ಯಾರಿಗೂ ಹೇಳಲಿಲ್ಲ. ಹಲಗೆಯವರು ಅಷ್ಟು ಹೊತ್ತಿಗೆ ರೇಡಿಯೋ ಲೈಸೆನ್ಸಿನ ಚರ್ಚೆಯಲ್ಲಿದ್ದರು.

ಸುಗ್ಗಿ ಕಳೆದ ಮೇಲೆ ಪೂವಮ್ಮ ತಮ್ಮ ಹಿತ್ತಿಲಿನ ನಾಲ್ಕು ಗಿಡದ ಕಾಫಿ ಬೀಜ ಹುರಿಯಲು ಕೂತರು. ಅತ್ತೆ ಕಲಿಸಿದ ಹಾಗೆ, ಬಾಣಲೆ ಇಳಿಸುವ ಮೊದಲು ಬೆಲ್ಲದ ಚೂರು ಹಾಕಿ ತಿರುವಿದರು. ಬೆಲ್ಲ ಕರಗಿ ಬೀಜಕ್ಕೆ ಹೊಳಪು ಹತ್ತುತ್ತದೆ, ಡಿಕಾಕ್ಷನ್ನಿಗೆ ಬಣ್ಣ ಬರುತ್ತದೆ. ಪುಡಿ ಮಾಡಿ ಡಬ್ಬಿಗೆ ತುಂಬುವಾಗ ಒಂದು ಚಿಟಿಕೆ ಪಕ್ಕದ ಕಂಚಿನ ಬಟ್ಟಲಿನ ನೀರಿಗೆ ಬಿತ್ತು. ಕಂದು ಎಳೆಗಳು ಕೆಳಗಿಳಿದವು. ಲೋಟದಲ್ಲಿ ಕಂಡ ಹಾಗೆಯೇ.

“ನಮ್ಮ ಮನೆಗೆ ಚಿಕೋರಿ ಬಂದೇ ಇಲ್ಲೆ. ಆ ಬಟ್ಟಲನ್ನೇ ನೋಡ್ತಾ ಕೂತೆ. ಒಲೆ ಆರಿದ್ದೂ ಗೊತ್ತಾಗ್ಲಿಲ್ಲೆ.”

ಮರುದಿನ ಅವರು ಚಿಕ್ಕನನ್ನು ಹುಡುಕಿಕೊಂಡು ಹೋದರು. ಕುಟ್ಟಪ್ಪನವರ ಅಂಗಡಿಯಲ್ಲಿ ಡ್ರಮ್ಮು ತಿರುಗಿಸುತ್ತಿದ್ದ ಚಿಕ್ಕ ಈಗ ಬಸ್ಸಿನ ಮೇಲೆ ಮೂಟೆ ಹತ್ತಿಸುತ್ತಾನೆ.

“ಹುರಿಯುವಾಗ ಬೆಲ್ಲ ಹಾಕ್ತಿದ್ರಾ?”

“ಹೂಂ, ಇಳಿಸೋಕೆ ಮುಂಚೆ. ಮನೇಲಿ ಹುರಿದ ಕಾಫಿ ಥರಾ ಇರಬೇಕು, ಆದ್ರೆ ಅಂಗಡಿ ಗುಟ್ಟು, ಯಾರಿಗೂ ಹೇಳಬೇಡ ಅಂತಿದ್ರು.”

“ಚಿಕೋರಿ?”

“ನಾ ಇದ್ದಾಗ ಕಂಡಿಲ್ಲಕ್ಕ.”

“ಅಯ್ಯೋ ಮಾರಾಯ, ಅವತ್ತೇ ಬಂದು ಹೇಳುವುದಲ್ವಾ?”

“ನನ್ನ ಯಾರು ಕೇಳಿದ್ರು? ನೀವೆಲ್ಲ ಲೋಟಾನ ಕೇಳಿದ್ರಿ.”

ಮೇಷ್ಟ್ರು ಈಗಲೂ ಅದೇ ಶಾಲೆಯಲ್ಲಿದ್ದಾರೆ. “ಪತ್ರಿಕೆಯಲ್ಲಿ ಬಂದ ಹಾಗೆಯೇ ಮಾಡಿದೆ. ಬೆಲ್ಲದ ವಿಷಯ ಅದರಲ್ಲಿ ಇರಲಿಲ್ಲ. ನಮ್ಮ ಕಡೆ ಹಾಗೆ ಹುರಿಯುವ ಪದ್ಧತಿಯೂ ಇಲ್ಲ,” ಎನ್ನುತ್ತಾರೆ. “ಪೂವಮ್ಮನವರಿಗಾದರೂ ಗೊತ್ತಿತ್ತಲ್ಲ ಎಂದು ಒಮ್ಮೆ ಅಂದುಬಿಟ್ಟೆ. ಅನ್ನಬಾರದಿತ್ತು,” ಎಂದು ಸೇರಿಸುತ್ತಾರೆ.

ಪೂವಮ್ಮ ಆ ಮಾತನ್ನು ತಳ್ಳಿಹಾಕುವುದಿಲ್ಲ. ಅಂದು ಜಗಲಿಯಲ್ಲಿ ಇದ್ದವರೆಲ್ಲ ಗಂಡಸರು. ಕಾಫಿ ಬೆಳೆದವರು, ಕುಯ್ದವರು, ತೂಗಿದವರು, ದಿನಕ್ಕೆ ನಾಲ್ಕು ಸಲ ಕುಡಿದವರು ಇದ್ದರು. “ಬಾಣಲೆ ಮುಂದೆ ಕೂತು ಹುರಿದ ಕೈ ನಂದೊಂದೇ. ಆ ಕೈಯಲ್ಲಿ ಬಳಪ ಇತ್ತು,” ಎನ್ನುತ್ತಾರೆ.

ಚಿಕ್ಕನನ್ನು ಕೇಳಿ ಬಂದ ದಿನವೇ ಅವರು ಸ್ಟೂಲು ಹತ್ತಿ ಆ ಬರಹ ಬರೆದರು. ಓದಿದವರು ಕೆಲವರು ತಲೆ ತಗ್ಗಿಸಿದರು, ಕೆಲವರು “ಈಗ ಎಂತಕ್ಕೆ?” ಎಂದರು. “ನಾನೂ ಬರೆದಿದ್ದೆ” ಎಂದು ಮುಂದೆ ಬಂದವರು ಯಾರೂ ಇಲ್ಲ. ಯಾರ್ಯಾರು ಎಂದು ಪೂವಮ್ಮನವರಿಗೆ ಗೊತ್ತು. ಹಲಗೆಯ ಮೇಲಿನ ಪ್ರತಿ ಕೈಬರಹವನ್ನೂ ಅವರು ಗುರುತಿಸುತ್ತಾರೆ. ಇಂದಿಗೂ ಒಬ್ಬರ ಹೆಸರನ್ನೂ ಬಾಯಿಬಿಟ್ಟಿಲ್ಲ.

ನಿಯಮ ಮಾತ್ರ ಬದಲಾಗಿದೆ. ಒಂದು ಅಂಗಡಿಯ, ಒಂದು ಮನೆಯ ಗುರುತು ಸಿಗುವ ಮಾತಾದರೆ ಬರೆಯುವವರು ತಮ್ಮ ಹೆಸರು ಹಾಕಬೇಕು. ಅದಕ್ಕೆ ಮೊದಲು ಪೂವಮ್ಮ ತಾವೇ ಹೋಗಿ ಆ ಕೆಲಸ ಮಾಡುವವರನ್ನು ಕೇಳಿ ಬರುತ್ತಾರೆ. ಇತ್ತೀಚೆಗೆ ತಕ್ಕಡಿಯ ಮೇಲೆ ದೂರು ಬಂದಾಗ, ತೂಗುವವನ ಪಕ್ಕದಲ್ಲಿ ಅರ್ಧ ದಿನ ಕೂತು ಬಂದರಂತೆ. “ಹೆಸರು ಹಾಕಿ ಅಂದ್ರೆ ಬಳಪ ಕೆಳಗಿಡ್ತಾರೆ,” ಎನ್ನುತ್ತಾರೆ. ಹಲಗೆಯ ಅರ್ಧ ಭಾಗ ಈಗ ಹೆಚ್ಚಿನ ದಿನ ಖಾಲಿ. ಲೈನಿನವರು ಬರುವುದು ಕಡಿಮೆಯಾಗಿದೆ. ಹೆಸರಿನ ಹೆದರಿಕೆ ಇರುವುದು ಅವರಿಗೇ ಅಲ್ಲವೇ. ಇದಕ್ಕೂ ಪೂವಮ್ಮ ಮರುಗುತ್ತಾರೆ. ಯಾವುದು ಸರಿಯೆಂದು ಕೇಳಿದರೆ, “ಎರಡೂ ಸರಿ ಕಾಣುದಿಲ್ಲೆ” ಎನ್ನುತ್ತಾರೆ.

ಮಂಜಿನೊಳಗಿಂದ ಬಸ್ಸಿನ ಹಾರನ್ನು ಕೇಳುತ್ತದೆ. ಪೂವಮ್ಮ ಸ್ಟೂಲಿನಿಂದ ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಅಲ್ಲಿಂದ ಹಲಗೆಯನ್ನು ನೋಡುತ್ತಾರೆ. ದಿನವೂ ಹೀಗೆ ನೋಡುತ್ತಾರಂತೆ.

“ಕುಟ್ಟಪ್ಪನವರು ಇಳಿದು ಬರಬೇಕು, ಮಾತಾಡಬೇಕು ಅಂತ ಇಲ್ಲೆ. ಕಿಟಕಿಯಿಂದ ಓದಿದ್ರೂ ಸಾಕು. ಅದಕ್ಕೇ ಅಷ್ಟು ದೊಡ್ಡ ಅಕ್ಷರ.”

ಕಳೆದ ಮಳೆಗಾಲದಲ್ಲಿ ಅವರು ಜ್ವರ ಬಂದು ಕೆಲವು ದಿನ ಮಲಗಿದ್ದರು. ಎರಚಲಿಗೆ ಹಲಗೆ ತೊಳೆದುಹೋಗಿರುತ್ತದೆ ಎಂದುಕೊಂಡೇ ಬಂದು ನೋಡಿದರೆ, ಮೇಲ್ತುದಿಯ ಬರಹ ಹೊಸದಾಗಿ ನಿಂತಿತ್ತು. ಅದೇ ಮಾತುಗಳು, ಅದೇ ಎರಡು ಹೆಸರುಗಳು. ಬಳಪ ಹಿಡಿದು ಅಭ್ಯಾಸವಿಲ್ಲದ ಕೈಯ, ಒತ್ತಿ ಬರೆದ ಅಕ್ಷರ. ಎಲ್ಲರ ಕೈಬರಹ ಬಲ್ಲ ಪೂವಮ್ಮನವರಿಗೆ ಅದು ಯಾರದೆಂದು ಗೊತ್ತಾಗಲಿಲ್ಲ. ಮೇಷ್ಟ್ರು ತಾವಲ್ಲ ಎನ್ನುತ್ತಾರೆ. ಚಿಕ್ಕನಿಗೆ ಬರೆಯಲು ಬಾರದು. ಕುಟ್ಟಪ್ಪ ಆ ಹಲಗೆಯ ಮೇಲೆ ಎಂದೂ ಬರೆದವರಲ್ಲ. ಅವರ ಅಕ್ಷರ ಹೇಗಿರುತ್ತದೆಂದು ಕಂಡವರು ಊರಿನಲ್ಲಿ ಯಾರೂ ಸಿಗಲಿಲ್ಲ.

ಕುಟ್ಟಪ್ಪ ಈಗ ಎಲ್ಲಿದ್ದಾರೆಂದು ಗೋಣಿಕೊಪ್ಪದಲ್ಲಿ, ಪೊನ್ನಂಪೇಟೆಯಲ್ಲಿ ವಿಚಾರಿಸಿದ್ದಾಯಿತು. ತಿಳಿಯಲಿಲ್ಲ. ಚಿಕ್ಕ ಇಲ್ಲದ ದಿನಗಳಲ್ಲಿ ಆ ಪುಡಿಗೆ ಬೇರೇನಾದರೂ ಸೇರುತ್ತಿತ್ತೋ ಎಂಬುದೂ ತಿಳಿಯದು. ಜ್ವರದ ದಿನಗಳಲ್ಲಿ ಸ್ಟೂಲು ಹತ್ತಿ ಬರೆದವರು ಯಾರೆಂಬುದೂ ತಿಳಿಯದು.