ಹಳ್ಳ ದಾಟಿಸಿದ ಅರ್ಧ ಹಾಳೆ

ದೆವ್ವ, ಶಕುನ, ಕನಸಿನ ಸೂಚನೆ, ಇಂಥವನ್ನು ನಾನು ನಂಬಿದವನಲ್ಲ. ಬೈಲಹೊಂಗಲದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ನನ್ನದು. ಸುಟ್ಟ ಮೋಟಾರನ್ನು ಬಿಚ್ಚಿ ನೋಡಿದರೆ ಕಾರಣ ಸಿಕ್ಕೇ ಸಿಗುತ್ತದೆ. ಜಗತ್ತೂ ಹಾಗೆಯೇ ಎಂದುಕೊಂಡು, ಯಾರಾದರೂ ವಿಚಿತ್ರ ಅನುಭವ ಹೇಳಲು ಬಂದರೆ ಗೇಲಿ ಮಾಡಿ ಕಳಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಗೇಲಿ ಮಾಡಿದರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ತಂಗಿ ಶಾಂತಾಳನ್ನು ರಾಮದುರ್ಗದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದೆವು. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡು ಮೈಲಿ ಎರೆಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಹಿಂದಿನ ಸಲ ಅವಳಿಗೆ ನೋವು ಶುರುವಾದಾಗ ಎತ್ತಿನ ಗಾಡಿ ಆ ಹಳ್ಳದಲ್ಲೇ ಹೂತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಉಳಿದಿರಲಿಲ್ಲ. ಈ ಸಲ ಕುಬಸದ ಶಾಸ್ತ್ರ, ಅಂದರೆ ಸೀಮಂತ, ಮುಗಿದಿತ್ತು, ಅವಳನ್ನು ತವರಿಗೆ ಕರೆತರಬೇಕಿತ್ತು. ಅವಳ ಅತ್ತೆ ಮಾತ್ರ, "ಅಮಾಸಿ ಒಳಗ ಬಂದು ಕರಕೊಂಡ ಹೋಗ್ರಿ. ಅಮಾಸಿ ದಾಟಿತಂದ್ರ ತುಂಬಿದ ಬಸರೀನ ನಾ ಕಳಸೂದಿಲ್ಲ" ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಅಮಾವಾಸ್ಯೆಗೆ ಮೂರೇ ದಿನ ಉಳಿದಿತ್ತು. ಜಿಟಿಜಿಟಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ.

ನನ್ನ ಹತ್ತಿರ ಹಳೆಯ ಫೋರ್‌ವೀಲ್ ಜೀಪಿತ್ತು, ಅದನ್ನು ಕೆಸರಿನಲ್ಲಿ ಓಡಿಸುವ ಬಗೆ ಗೊತ್ತಿರಲಿಲ್ಲ. ಹಿಂದಿನ ವಾರವಷ್ಟೇ ನೇಸರಗಿ ಹತ್ತಿರ ಹೊಲದಲ್ಲಿ ಹೂತು, ಎತ್ತುಗಳಿಂದ ಎಳೆಸಿಕೊಂಡು ನಗೆಪಾಟಲಾಗಿದ್ದೆ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಿಗುತ್ತದೆ ಎಂದು ಯಾರೋ ಹೇಳಿದರು. ಶನಿವಾರ ಮಧ್ಯಾಹ್ನ ಈರಣ್ಣನ ಸೈಬರ್ ಕೆಫೆಗೆ ಹೋದೆ.

ಮೂರು ತಾಸು ಕೂತೆ. ಆ ಸಿಟ್ಟು ಈಗಲೂ ನೆನಪಿದೆ. ಒಂದು ಪುಟ ತೆರೆಯಲು ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟು ಹೊತ್ತು. ತೆರೆದರೆ ಮರಳುಗಾಡಿನ ಮಾತು, ಇಲ್ಲವೇ ಹಿಮದ ಮಾತು. ಒಬ್ಬ ಜೀಪಿನ ಮೂತಿಗೆ ಹಗ್ಗ ಸುತ್ತುವ ಯಂತ್ರ ಕೂಡಿಸು ಎನ್ನುತ್ತಾನೆ, ಇನ್ನೊಬ್ಬ ಟೈರೇ ಬದಲಿಸು ಎನ್ನುತ್ತಾನೆ, ಮತ್ತೊಬ್ಬ ಜೀಪಿನ ನೆತ್ತಿಯ ಮೇಲೆ ಗುಡಾರ ಹಾಕಿ ಮಲಗುವುದನ್ನು ಕಲಿಸುತ್ತಾನೆ. ನಮ್ಮ ಎರೆಮಣ್ಣಿನ ಸುದ್ದಿ ಒಬ್ಬನಿಗೂ ಬೇಡ. ಕೊನೆಗೆ, ಜೀಪಿನವರು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ಒಂದು ಪುಟದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕಡೆಯ ಕನ್ನಡ ಕಂಡಿತು. ಬರೆದವರ ಹೆಸರಿರಲಿಲ್ಲ. ಮನೆಗೆ ಒಯ್ದು ನಿಧಾನಕ್ಕೆ ಓದಿದರಾಯಿತೆಂದು, ಮೊದಲ ಸಾಲು ನೋಡಿದ ಕೂಡಲೇ ಪ್ರಿಂಟು ಕೊಡಲು ಹೇಳಿದೆ. ಪ್ರಿಂಟರು ಕರಕರ ಎನ್ನುತ್ತ ಅರ್ಧ ಹಾಳೆ ಮುಗಿಸಿತ್ತು, ಕರೆಂಟು ಹೋಯಿತು.

"ಇನ್ನ ನಾಳಿತನಾ ಬರೂದಿಲ್ರಿ," ಎಂದ ಈರಣ್ಣ. "ಬಂದಷ್ಟ ಒಯ್ರಿ."

ಹಾಳೆಯಲ್ಲಿ ಇದ್ದದ್ದು ಇಷ್ಟು: "ಗಾಲಿ ಗಾಳಿ ಅರ್ಧ ಇಳಸ್ರಿ. ಸಣ್ಣ ಗೇರಿನ್ಯಾಗ ಹೋಗ್ರಿ, ನಡುವ ಬ್ರೇಕ್ ಒತ್ತಬ್ಯಾಡ್ರಿ. ಹಳ್ಳದ ದಂಡಿ ಜಾಲಿ ಗಿಡ ಉರುಳಿ ಬಿದ್ದದ. ಬೇರು ಕಿತ್ತ ಜಾಗಾದಾಗ ಹಾಸಗಲ್ಲು ಕಾಣ್ತಾವ, ಅದರ ಮ್ಯಾಲೆ ಹಾಯಸ್ರಿ. ಹೊಳ್ಳಿ ಬರೂಮುಂದ ಹಿಂದಿನ ಸೀಟಿನ್ಯಾಗ ಮೂರು ಮಂದಿ ಇರ್ತಾರ, ಅದಕ್ಕ". ಅಲ್ಲಿಗೆ ನಿಂತಿತ್ತು.

ಯಾವುದೋ ಊರಿನ ಹಳ್ಳ, ಯಾರೋ ಮೂರು ಮಂದಿ ಎಂದುಕೊಂಡೆ. ಗಾಳಿ ಮತ್ತು ಗೇರಿನ ಮಾತಷ್ಟೇ ನನಗೆ ಬೇಕಿತ್ತು.

ಭಾನುವಾರ ಸವದತ್ತಿ ಮಾರ್ಗವಾಗಿ ಹೋದೆ. ಹಳ್ಳದ ಆಚೆ ಶಾಂತಾಳ ಗಂಡ ಬಸವರಾಜ ಕೊಡೆ ಹಿಡಿದು ನಿಂತಿದ್ದರು. ಈಚೆ ದಂಡೆಯಲ್ಲಿ ಒಂದು ಜಾಲಿ ಗಿಡ ಬೇರುಸಹಿತ ಉರುಳಿತ್ತು. ಬೇರು ಕಿತ್ತ ಜಾಗದಿಂದ ಹಾಸುಗಲ್ಲುಗಳ ಸಾಲೊಂದು ನೀರಿನೊಳಗೆ ಇಳಿದಿತ್ತು. ಕಿಸೆಯಿಂದ ಹಾಳೆ ತೆಗೆದು ಮತ್ತೊಮ್ಮೆ ಓದಿದೆ. ಅದರಲ್ಲಿದ್ದಂತೆ ಕಲ್ಲಿನ ಮೇಲೆಯೇ ಜೀಪು ಹಾಯಿಸಿದೆ. ಎಲ್ಲಿಯೂ ಹೂತುಕೊಳ್ಳಲಿಲ್ಲ.

"ಆ ಗಿಡ ಯಾವಾಗ ಬಿತ್ರಿ?" ಎಂದು ಬಸವರಾಜರನ್ನು ಕೇಳಿದೆ.

"ಇವತ್ತ ಮುಂಜಾನೆ ಬಿತ್ತ ನೋಡ್ರಿ. ನಸುಕಿನ್ಯಾಗ ನಾ ಚರಿಗಿ ತಗೊಂಡ ಬೈಲಕಡಿಗೆ ಬಂದಾಗ ನಿಂತಿತ್ತು. ಕೆಳಗ ಕಲ್ಲ ಅದಾವಂತ ನಮ್ಮಪ್ಪಗೂ ಗೊತ್ತಿದ್ದಿಲ್ಲ."

ಹಿಂದಿನ ದಿನದ ಹಾಳೆ ಕಿಸೆಯಲ್ಲಿತ್ತು. ತೋರಿಸಲು ಧೈರ್ಯವಾಗಲಿಲ್ಲ.

ಮರಳುವಾಗ ಬಸವರಾಜ ನನ್ನ ಪಕ್ಕ ಕೂತರು, ಶಾಂತಾ ಹಿಂದೆ ಒಬ್ಬಳೇ ಒರಗಿದ್ದಳು. ಮೂರು ಮಂದಿ ಎಂಬ ಮಾತಾದರೂ ಸುಳ್ಳಾಯಿತಲ್ಲ ಎಂದು ಸಮಾಧಾನವಾಯಿತು. ಸಂಜೆಯೊಳಗೆ ಮನೆ ಮುಟ್ಟಿದೆವು. ಮರುದಿನ ಕೆಫೆಯಲ್ಲಿ ಇಡೀ ದಿನ ಕೂತು ಹುಡುಕಿದೆ. ಆ ಪುಟ ಸಿಗಲಿಲ್ಲ.

ಹದಿನೈದು ದಿನಗಳ ಮೇಲೆ ಹೆರಿಗೆ ಕೋಣೆಯಿಂದ ನರ್ಸಬಾಯಿ ಹೊರಗೆ ಬಂದು, "ಎರಡದಾವ್ರಿ. ಒಂದ ಗಂಡು, ಒಂದ ಹೆಣ್ಣು. ತಾಯಿ ಆರಾಮ ಅದಾಳ" ಎಂದರು. ಸ್ಕ್ಯಾನಿಂಗ್ ಮಾಡಿಸಿರಲಿಲ್ಲ, ಅವಳಿ ಎಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಸಕ್ಕರೆ ಹಂಚಲು ಓಡಾಡುತ್ತಿದ್ದರೆ ನಾನು ಅವತ್ತು ಹಿಂದಿನ ಸೀಟಿನಲ್ಲಿದ್ದವರನ್ನು ಬೆರಳು ಮಡಿಸಿ ಎಣಿಸುತ್ತಿದ್ದೆ: ಶಾಂತಾ, ಎರಡು ಕೂಸು, ಮೂರು.

ಎಷ್ಟೋ ವರ್ಷ ಹುಡುಕಿದೆ, ಉಳಿದರ್ಧ ಸಿಕ್ಕಿಲ್ಲ. 'ಅದಕ್ಕ' ಎಂದವರು ಮುಂದೆ ಏನು ಮಾಡಲು ಹೇಳಿದ್ದರು? ಅವತ್ತು ನಾವು ಅದನ್ನು ಮಾಡದೆಯೇ ಬಂದೆವೋ, ಅಥವಾ ಅವರು ಹೇಳಿದ ದಿನ ಇನ್ನೂ ಬಂದಿಲ್ಲವೋ? ಶಾಂತಾ ಮಕ್ಕಳಿಬ್ಬರೊಡನೆ ಹಿಂದಿನ ಸೀಟಿನಲ್ಲಿ ಕೂತರೆ ಇವತ್ತಿಗೂ ಆ ಹಳ್ಳದ ದಂಡೆಯಲ್ಲಿ ಜೀಪು ನಿಲ್ಲಿಸುತ್ತೇನೆ. ಮೂವರನ್ನೂ ಇಳಿಸಿ, ಕಲ್ಲಿನ ಮೇಲೆ ನಡೆಸಿಯೇ ದಾಟಿಸುತ್ತೇನೆ. ಯಾಕೆಂದು ಅವಳು ಪ್ರತಿ ಸಲವೂ ಬೈಯುತ್ತ ಕೇಳುತ್ತಾಳೆ. ಕಾರಣ ನನಗೂ ಗೊತ್ತಿಲ್ಲ.